ಒಂದಕ್ಷರದ ಪಾಠಾಂತರ

ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅಮ್ಮ ಸಾರಿಗೆ ಎರಡು ಬಾರಿ ಉಪ್ಪು ಹಾಕಿದಳು. ಅದೇನು ದೊಡ್ಡ ಸಂಗತಿಯಲ್ಲ. ಹಬ್ಬದ ಗಡಿಬಿಡಿಯಲ್ಲಿ ಯಾರ ಕೈಯಾದರೂ ತಪ್ಪೀತು. ಆದರೆ ಅದೇ ಮಧ್ಯಾಹ್ನ ಆಕೆ ನನ್ನನ್ನು ಮೂರು ಸಲ, "ಕಾಫಿ ಕುಡಿದೆಯೇನೋ?" ಎಂದು ಕೇಳಿದಳು. ಮೂರನೆಯ ಸಲ ಕೇಳಿದಾಗ ಕುಡಿದು ಬರಿದಾದ ಲೋಟ ನನ್ನ ಕೈಯಲ್ಲೇ ಇತ್ತು. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ, "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮ್ಮಮ್ಮನಿಗೆ ನಾಲ್ಕು ವರ್ಷ ತಡವಾಗಿ ಬಂತು" ಎಂದು ನಕ್ಕರು. ನಾನೂ ನಕ್ಕೆ. ತಂಗಿ ಮಾತ್ರ ನಗಲಿಲ್ಲ.

ಅವಳು ನಗದಿದ್ದುದಕ್ಕೆ ಕಾರಣವಿತ್ತು. ನಮ್ಮ ಅಜ್ಜಿ, ಅಮ್ಮನ ತಾಯಿ, ತನ್ನ ಕೊನೆಯ ಐದು ವರ್ಷಗಳನ್ನು ನಮ್ಮ ಮನೆಯಲ್ಲಿಯೇ ಕಳೆದಳು. ಮೊದಲು ಬೀಗದ ಕೈ ಇಟ್ಟ ಜಾಗವನ್ನು ಮರೆತಳು, ಆಮೇಲೆ ಹೆಸರುಗಳನ್ನು ಮರೆತಳು, ಕಡೆಗೊಂದು ದಿನ ಹೆತ್ತ ಮಗಳನ್ನೇ, "ನೀವು ಯಾರ ಮನೆಯವರಮ್ಮ?" ಎಂದು ಕೇಳಿದಳು. ಅಂದು ಅಮ್ಮ ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುದನ್ನು ನಾವಿಬ್ಬರೂ ಕಂಡಿದ್ದೆವು.

ಆ ರಾತ್ರಿ ಜಗಲಿಯ ಮೇಲೆ ಕುಳಿತಾಗ ತಂಗಿ ಹೇಳಿದಳು: "ಅಣ್ಣ, ನಾವಿಬ್ಬರೂ ಒಂದು ಪರೀಕ್ಷೆ ಮಾಡಿಸಿಕೊಳ್ಳೋಣ. ಅಪೋಇ ಅಂತ ಒಂದು ಜೀನ್ ಇದೆ."

ಅವಳು ಜೀವಶಾಸ್ತ್ರ ಓದಿದವಳು. ನಾನು ಹಳಗನ್ನಡದ ಪಾಠ ಹೇಳುವವನು. ಆದರೂ ಅವಳು ವಿವರಿಸಿದ್ದನ್ನೂ ಆಮೇಲೆ ನಾನೇ ಓದಿ ತಿಳಿದುದನ್ನೂ ನನ್ನ ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ.

ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ದೇಹದ ಕೊಲೆಸ್ಟರಾಲಿನಲ್ಲಿ ಸುಮಾರು ಐದರಲ್ಲೊಂದು ಪಾಲು ಅಲ್ಲಿಯೇ ಇದೆ. ನರತಂತುಗಳ ಹೊದಿಕೆಗೂ, ನರಕೋಶಗಳು ಒಂದರೊಡನೊಂದು ಮಾತನಾಡುವ ಸಂಧಿಗಳಿಗೂ ಅದು ಬೇಕು. ರಕ್ತದಲ್ಲಿ ಹರಿಯುವ ಕೊಲೆಸ್ಟರಾಲಿಗೆ ಮೆದುಳಿನೊಳಗೆ ಪ್ರವೇಶವಿಲ್ಲ. ಆದ್ದರಿಂದ ಅದು ಅಲ್ಲಿಯೇ ತಯಾರಾಗಿ, ಅಲ್ಲಿಯೇ ಕೋಶದಿಂದ ಕೋಶಕ್ಕೆ ಸಾಗಬೇಕು. ಅದನ್ನು ಹೊತ್ತು ಸಾಗಿಸುವ ಹಮಾಲಿಯೇ ಅಪೋಲಿಪೋಪ್ರೋಟೀನ್-ಇ. 299 ಅಮೈನೋ ಆಮ್ಲಗಳನ್ನು ಅಕ್ಷರಗಳಂತೆ ಪೋಣಿಸಿದ ಒಂದು ಪ್ರೋಟೀನು ಅದು. ಅದರ ಮೂಲಪ್ರತಿ ನಮ್ಮ 19ನೆಯ ಕ್ರೋಮೊಸೋಮಿನಲ್ಲಿದೆ.

ಈ ಮೂಲಪ್ರತಿಗೆ ಮೂರು ಮುಖ್ಯ ಪಾಠಗಳುಂಟು. ಅವುಗಳನ್ನು 2, 3, 4 ಎಂದು ಕರೆಯುತ್ತಾರೆ. ವ್ಯತ್ಯಾಸವೆಲ್ಲ ಎರಡೇ ಸ್ಥಾನಗಳಲ್ಲಿ: 112ರಲ್ಲಿ ಮತ್ತು 158ರಲ್ಲಿ. ಹೆಚ್ಚು ಜನರಲ್ಲಿರುವುದು 3ನೆಯ ಪಾಠ. ಅದರ 112ನೆಯ ಸ್ಥಾನದಲ್ಲಿ ಸಿಸ್ಟೀನ್ ಇರುವಲ್ಲಿ 4ನೆಯ ಪಾಠದಲ್ಲಿ ಆರ್ಜಿನೀನ್ ಇದೆ. ಇಷ್ಟೇ ಭೇದ. ಓಲೆಗರಿಗಳಲ್ಲಿ ಲಿಪಿಕಾರನ ಒಂದಕ್ಷರಕ್ಕಾಗಿ ವಾರಗಟ್ಟಲೆ ತಲೆಕೆಡಿಸಿಕೊಂಡ ನನಗೆ ಇದು ತೀರ ಪರಿಚಿತ ಲೋಕವೆನಿಸಿತು. ಇನ್ನೊಂದು ವಿಚಿತ್ರವೆಂದರೆ, ಮನುಷ್ಯರಲ್ಲಿ ಪ್ರಾಚೀನವಾದ ಪಾಠ 4ನೆಯದೇ. 3 ಬಂದುದು ಆಮೇಲೆ. ಹಳೆಯ ಪಾಠವೇ ಲೇಸೆಂದು ವಾದಿಸುತ್ತ ಬಂದ ನಾನು ಇಲ್ಲಿ ಸುಮ್ಮನಾಗಬೇಕಾಯಿತು.

ಏಕೆಂದರೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಕಂಡುಕೊಂಡುದು ಇದನ್ನು: 1906ರಲ್ಲಿ ಅಲೋಯಿಸ್ ಆಲ್ಜೈಮರ್ ಜರ್ಮನಿಯಲ್ಲಿ ಮೊದಲು ವರ್ಣಿಸಿದ ಮರೆವಿನ ರೋಗವು 4ನೆಯ ಪಾಠವುಳ್ಳವರಲ್ಲಿ ಹೆಚ್ಚು. ತಂದೆತಾಯಿಗಳಿಂದ ಒಂದೊಂದರಂತೆ ನಮಗೆ ಎರಡು ಪ್ರತಿಗಳು ಬರುತ್ತವೆ. ಒಂದು ಪ್ರತಿ 4 ಆಗಿದ್ದರೆ ಅಪಾಯ ಸುಮಾರು ಮೂರು ಪಟ್ಟು. ಎರಡೂ ಆಗಿದ್ದರೆ ಎಂಟು, ಹನ್ನೆರಡು ಪಟ್ಟು. ಈ ಲೆಕ್ಕ ಬಹುಮಟ್ಟಿಗೆ ಯುರೋಪಿನ ಮೂಲದವರದು. ಆಫ್ರಿಕದ ಮೂಲದವರಲ್ಲಿ ಅಷ್ಟಿಲ್ಲ. 2ನೆಯ ಪಾಠವಾದರೋ ಅಪಾಯವನ್ನು ತಗ್ಗಿಸುತ್ತದೆ. 4ನೆಯ ಹಮಾಲಿ ಕೊಬ್ಬನ್ನು ಹೊರುವುದರಲ್ಲಿ ಹಿಂದೆ. ಅಮಿಲಾಯ್ಡ್ ಎಂಬ ಕಸವನ್ನು ಹೊರಹಾಕುವುದರಲ್ಲಿಯೂ ಹಿಂದೆ.

"ತಿಳಿದುಕೊಂಡರೆ ನಷ್ಟವೇನಣ್ಣ?" ಎಂದಳು ತಂಗಿ.

ನಷ್ಟವಿಲ್ಲದಿಲ್ಲ. ನನ್ನ ಎರಡು ಪ್ರತಿಗಳೂ 4 ಎಂದು ಬಂದರೆ ಅಮ್ಮನಲ್ಲಿ ಒಂದಾದರೂ ಇರುವುದು ಖಚಿತ, ಅಪ್ಪನಲ್ಲಿಯೂ ಅಷ್ಟೇ. ನನ್ನ ಕಾಗದವನ್ನು ಒಡೆದರೆ ಅವರ ಕಾಗದವನ್ನು ಅವರನ್ನು ಕೇಳದೆ ಓದಿದಂತೆ. ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ನರು 2007ರಲ್ಲಿ ತಮ್ಮ ಜೀನುಗಳನ್ನೆಲ್ಲ ಲೋಕದ ಮುಂದೆ ತೆರೆದಿಟ್ಟಾಗ, ಇದೊಂದನ್ನು ಮಾತ್ರ ತಮಗೂ ತಿಳಿಸಬೇಡಿರೆಂದರಂತೆ. ಅವರ ಅಜ್ಜಿಗೂ ಈ ರೋಗವಿತ್ತು.

ಆದರೆ ತಂಗಿಯೇ ಇನ್ನೊಂದು ಕಥೆಯನ್ನೂ ಹೇಳಿದಳು. ಕೊಲಂಬಿಯದ ಒಂದು ದೊಡ್ಡ ಬಳಗದಲ್ಲಿ ಬೇರೊಂದು ಜೀನಿನ ದೋಷದಿಂದ ನಲವತ್ತರ ಹರೆಯದಲ್ಲಿಯೇ ಮರೆವು ಹಿಡಿಯುತ್ತದೆ. ಆ ದೋಷವಿದ್ದೂ ಅಲ್ಲಿಯ ಒಬ್ಬ ಮಹಿಳೆ ಎಪ್ಪತ್ತು ದಾಟುವವರೆಗೆ ಸ್ವಸ್ಥಳಾಗಿದ್ದಳು. 2019ರಲ್ಲಿ ಪ್ರಕಟವಾದ ವರದಿಯಂತೆ, ಆಕೆಯ ಅಪೋಇ ಜೀನಿನ ಎರಡು ಪ್ರತಿಗಳಲ್ಲಿಯೂ ಇನ್ನೊಂದು ಅಪೂರ್ವ ಪಾಠಾಂತರವಿತ್ತು. ಕ್ರೈಸ್ಟ್‌ಚರ್ಚ್ ಎಂದು ಅದರ ಹೆಸರು. ಒಂದಕ್ಷರ ಕೆಡಿಸಬಲ್ಲುದಾದರೆ ಇನ್ನೊಂದಕ್ಷರ ಕಾಯಲೂ ಬಲ್ಲುದು.

ಮರುವಾರ ಅಮ್ಮನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ಥೈರಾಯ್ಡನ್ನೂ ಬಿ12 ಜೀವಸತ್ವವನ್ನೂ ಮೊದಲು ನೋಡಿಸಿದರು. ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ. ಜೀನಿನ ಮಾತೆತ್ತಿದಾಗ ಹೇಳಿದರು: "4 ಇದ್ದೂ ಕೊನೆಯವರೆಗೆ ಚೆನ್ನಾಗಿರುವವರಿದ್ದಾರೆ, ಇಲ್ಲದೆ ರೋಗ ಬಂದವರೂ ಇದ್ದಾರೆ. ಲೆಕಾನೆಮ್ಯಾಬಿನಂಥ ಹೊಸ ಔಷಧ ಕೊಡುವ ಮೊದಲು ಅದನ್ನು ನೋಡಬೇಕು. ಎರಡು ಪ್ರತಿ 4 ಇರುವವರಿಗೆ ಮೆದುಳಿನಲ್ಲಿ ಊತ, ರಕ್ತಸ್ರಾವದ ಭಯ ಹೆಚ್ಚು. ಈಗ ನಿಮಗೇಕೆ? ರಕ್ತದೊತ್ತಡ ನೋಡಿಕೊಳ್ಳಿ, ಕಿವಿ ಚೆನ್ನಾಗಿ ಕೇಳುತ್ತದೆಯೇ ನೋಡಿ, ದಿನಾ ನಡೆಸಿ. ಆರು ತಿಂಗಳು ಬಿಟ್ಟು ಬನ್ನಿ." ಬಿ12 ಕಡಮೆಯಿತ್ತು. ಮರೆವಿಗೆ ಅದೊಂದೇ ಕಾರಣವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಂಗಿ ತನ್ನ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. ಫಲವನ್ನು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ನಾನೀಗ ಪ್ರತಿ ಶನಿವಾರ ಊರಿಗೆ ಹೋಗುತ್ತೇನೆ. ಸಂಜೆ ಅಮ್ಮನೊಡನೆ ಕೆರೆಯ ಏರಿಯವರೆಗೆ ನಡೆದು ಬಂದು, ಆಕೆ ಹೇಳುವ ಹಸೆಯ ಹಾಡುಗಳನ್ನು ಬರೆದುಕೊಳ್ಳುತ್ತೇನೆ. ಮೊನ್ನೆ ಒಂದು ಸಾಲಿನಲ್ಲಿ ತಡೆದಳು. "ಇಲ್ಲಿ ನಿಮ್ಮಜ್ಜಿ ಬೇರೆ ಮಾತು ಹೇಳುತ್ತಿದ್ದಳು ಕಣೋ" ಎಂದು ಅದನ್ನೂ ನೆನಪಿಸಿಕೊಂಡು ಹೇಳಿದಳು. ಯಾವುದನ್ನು ಬರೆಯಲಮ್ಮ ಎಂದು ಕೇಳಿದೆ.

"ಎರಡನ್ನೂ ಬರಿ. ಎರಡೂ ನಮ್ಮದೇ" ಎಂದಳು.

ಬರೆದೆ. ಆಮೇಲೆ, "ಕಾಫಿ ಕುಡಿದೆಯೇನೋ?" ಎಂದು ಕೇಳಿದಳು. ಆಗತಾನೇ ಕುಡಿದಿದ್ದೆ. ಇಲ್ಲಮ್ಮ, ಕೊಡು ಎಂದೆ.