ಗಡಿಯಾರ ನಿಂತ ಬಂಡೆಯ ಬಳಿ

ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಿಂದ ವಾಯವ್ಯಕ್ಕೆ ಸುಮಾರು 70 ಕಿ.ಮೀ. ಸಾಗಿದರೆ ವುಡೆಂಡ್ ಎಂಬ ಊರು. ಅದರ ಸಮೀಪದ ಬಯಲಿನಲ್ಲಿ ಎದ್ದು ನಿಂತಿದೆ ಹ್ಯಾಂಗಿಂಗ್ ರಾಕ್. ಬುಡದಿಂದ ಎತ್ತರ ಸುಮಾರು 105 ಮೀಟರ್ ಅಷ್ಟೆ. ಆದರೆ ಇಲ್ಲಿಗೆ ಬಂದವರಲ್ಲಿ ಅನೇಕರ ಪ್ರಶ್ನೆ ಬಂಡೆಯ ಬಗ್ಗೆ ಅಲ್ಲ. 'ಆ ಹುಡುಗಿಯರು ಏನಾದರು?'

ಪ್ರಶ್ನೆ ಹುಟ್ಟಿದ್ದು ಜೋನ್ ಲಿಂಡ್ಸೆ 1967ರಲ್ಲಿ ಪ್ರಕಟಿಸಿದ 'ಪಿಕ್‌ನಿಕ್ ಅಟ್ ಹ್ಯಾಂಗಿಂಗ್ ರಾಕ್' ಕಾದಂಬರಿಯಿಂದ. 1900ರ ಫೆಬ್ರವರಿ 14. ಅಲ್ಲಿ ಅದು ಬೇಸಿಗೆ. ವಸತಿ ಶಾಲೆಯೊಂದರ ಹುಡುಗಿಯರು ವನಭೋಜನಕ್ಕೆ ಬರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರಗಳು ನಿಂತುಬಿಡುತ್ತವೆ. ಬಂಡೆ ಹತ್ತಿದ ನಾಲ್ವರಲ್ಲಿ ಒಬ್ಬಳು ಚೀರುತ್ತ ಓಡಿ ಬರುತ್ತಾಳೆ. ಉಳಿದ ಮೂವರು, ಜೊತೆಗೆ ಗಣಿತದ ಅಧ್ಯಾಪಕಿ, ನಾಪತ್ತೆ! ವಾರದ ಬಳಿಕ ಒಬ್ಬಳು ಸಿಕ್ಕರೂ ಅವಳಿಗೆ ಏನೂ ನೆನಪಿಲ್ಲ.

ಪತ್ತೇದಾರಿ ಕಥೆಯೆಂದು ಓದಿದವರಿಗೆ ನಿರಾಶೆಯಾಗುವುದು ಖಂಡಿತ, ಉತ್ತರವೇ ಇಲ್ಲ. ಒಗಟನ್ನೇ ಸವಿಯುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಕೈಬಿಟ್ಟಿದ್ದ ಕೊನೆಯ ಅಧ್ಯಾಯ ಲೇಖಕಿಯ ಮರಣಾನಂತರ 1987ರಲ್ಲಿ ಹೊರಬಂತು. ಅದರ ಉತ್ತರ ಒಗಟಿಗಿಂತ ಸಪ್ಪೆ. ಅಂದಹಾಗೆ, ಕಾದಂಬರಿಯಲ್ಲಿ ಆ ದಿನ ಶನಿವಾರ. ಲೆಕ್ಕ ಹಾಕಿದರೆ ಬುಧವಾರ ಬರುತ್ತದೆ. ಮಕ್ಕಳು ಪರೀಕ್ಷಿಸಬಹುದು.

ಬಂಡೆಯ ಕಥೆಯೂ ಕಡಿಮೆ ರೋಚಕವಲ್ಲ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕಿನಿಂದ ಲಾವಾ ಉಕ್ಕಿತು. ಅದು ಪಾಕ ಏರಿದ ಬೆಲ್ಲದಷ್ಟು ಮಂದ. ಹರಿದು ಹೋಗಲಾರದೆ ಅಲ್ಲೇ ಗುಡ್ಡೆಯಾಗಿ ಗಟ್ಟಿಯಾಯಿತು. ತಣಿಯುವಾಗ ಕುಗ್ಗಿ ಲಂಬವಾಗಿ ಸೀಳಿತು. ಮಳೆನೀರು ಸೀಳುಗಳನ್ನು ಅಗಲಿಸಿ ಕಂಬಗಳನ್ನು ಕಡೆದಿಟ್ಟಿತು. ಈ ಕಂಬಗಳ ನಡುವಿನ ಓಣಿಗಳಲ್ಲಿ ಹತ್ತು ಹೆಜ್ಜೆ ಮುಂದೆ ಹೋದವರು ಹಿಂದಿನವರಿಗೆ ಕಾಣುವುದಿಲ್ಲ. ಗಡಿಯಾರ ನಿಲ್ಲಿಸುವಷ್ಟು ಕಾಂತಶಕ್ತಿ ಮಾತ್ರ ಇಂಥ ಕಲ್ಲಿಗಿಲ್ಲ.

ಇಲ್ಲಿಂದ ನಿಜವಾಗಿ ಕಾಣೆಯಾದವರು ಬೇರೆಯೇ. ವೊಯ್‌ವುರುಂಗ್, ಜಾಜಾವುರುಂಗ್, ಟೌಂಗುರುಂಗ್ ಮೂಲನಿವಾಸಿಗಳು ಸಾವಿರಾರು ವರ್ಷ ಇಲ್ಲಿ ಕೂಡುತ್ತಿದ್ದರು. 19ನೆಯ ಶತಮಾನದ ವಲಸಿಗರು ಅವರನ್ನು ಈ ನೆಲದಿಂದ ಹೊರದೂಡಿದರು. ಇದಕ್ಕೆ ದಾಖಲೆಗಳಿವೆ, ಕಾದಂಬರಿಗಿಲ್ಲ. ಆದರೂ ತುದಿಗೇರಿದ ಪ್ರವಾಸಿಗರು ಕೂಗುವುದು ಕಥಾನಾಯಕಿ ಮಿರಾಂಡಾಳ ಹೆಸರನ್ನೇ. 2017ರಲ್ಲಿ ಕಲಾವಿದೆ ಏಮಿ ಸ್ಪಿಯರ್ಸ್ 'ಮಿರಾಂಡಾ ತೊಲಗಲಿ' ಎಂಬ ಅಭಿಯಾನವನ್ನೇ ಆರಂಭಿಸಿ, ಊರಿನವರ ಮುನಿಸನ್ನೂ ಕಟ್ಟಿಕೊಂಡರು.