ಅಕ್ಷರಕ್ಕೊಂದು ಸಂಖ್ಯೆ

ಕಾರವಾರದಿಂದ ಕಾಳಿ ನದಿಯನ್ನು ದಾಟಿ ಉತ್ತರಕ್ಕೆ ಹೋದರೆ ಗೋವೆಯ ಗಡಿಯಲ್ಲಿ ಮಾಜಾಳಿ. ಆಷಾಢದ ಮಳೆಗೆ ವಿದ್ಯುತ್ತು ಹೋಗಿದ್ದರೂ ಅಲ್ಲಿನ ಒಂದು ಮನೆಯಲ್ಲಿ ತರುಣನೊಬ್ಬನ ಲ್ಯಾಪ್‌ಟಾಪ್ ಬೆಳಗುತ್ತಿತ್ತು. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಅವನು ಮನೆಯಿಂದಲೇ ತಂತ್ರಾಂಶ ಬರೆಯುವವನು. ಬಿಡುವಾದಾಗ ಕನ್ನಡ ಲಿಪಿಯ ಗೀಳು.

“ಏನು ಬರೆಯುತ್ತೀ, ಪುತಾ?” ಎಂದಳು ತಾಯಿ.

“ಯಂತ್ರಕ್ಕೆ ತಿಳಿಯುವುದು ಅಂಕಿ ಮಾತ್ರ, ಆಯಿ. 1991ರಲ್ಲಿ ಯೂನಿಕೋಡ್ ಪದ್ಧತಿಯು ಕನ್ನಡದ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿತು. ‘ಅ’ ಎಂದರೆ 3205.”

ಮನೆಮಾತು ಕೊಂಕಣಿಯಾದ ಹುಡುಗನಿಗೆ ಪಾಟಿಯ ಮೇಲೆ ಆ ‘ಅ’ವನ್ನು ತಿದ್ದಿಸಿದವಳು ಅವಳೇ. ಬೆಂಗಳೂರಿಗೇ ಬಂದು ನೆಲಸಬೇಕೆಂದು ಸಂಸ್ಥೆ ಬರೆದಿದ್ದುದನ್ನು ಅವನು ಎರಡು ದಿನದಿಂದ ಬಚ್ಚಿಟ್ಟಿದ್ದನು, ಈಗ ಹೇಳಿದನು.

ತಾಯಿ ಕ್ಷಣಕಾಲ ಮಳೆಯನ್ನೇ ನೋಡಿದಳು. “ಹೋಗಿ ಬಾ. ಆದರೆ ವಾರಕ್ಕೊಂದು ಪತ್ರ ಬರಲಿ; ಸಂಖ್ಯೆಯಲ್ಲಲ್ಲ, ಅಕ್ಷರದಲ್ಲಿ,” ಎಂದಳು.