ನೂರು ಕೋಟಿ ಡಾಲರಿನ ಗೆರೆ

ಅಮೆರಿಕದ ಸಾರಿಗೆ ಇಲಾಖೆ ವಿಮಾನ ಸಂಸ್ಥೆಗಳನ್ನು ವಿಂಗಡಿಸುವುದು ವರ್ಷದ ವರಮಾನ ನೋಡಿ. 100 ಕೋಟಿ ಡಾಲರ್ ದಾಟಿದ್ದು ‘ಮೇಜರ್’, 10ರಿಂದ 100 ಕೋಟಿಯೊಳಗಿನದು ‘ನ್ಯಾಷನಲ್’, ಅದಕ್ಕೂ ಕೆಳಗಿನದು ‘ರೀಜನಲ್’. ಡಲ್ಲಾಸ್‌ನ ಸಲಹಾ ಸಂಸ್ಥೆಯೊಂದಕ್ಕೆ ಆಗಷ್ಟೇ ಸೇರಿದ್ದ ನಾನು ಇದನ್ನೇ ನೆಚ್ಚಿಕೊಂಡು ಒಂದು ಊರಿನವರ ದಾರಿ ತಪ್ಪಿಸಿದೆ.

ಆ ಊರಿನ ವಿಮಾನ ನಿಲ್ದಾಣಕ್ಕೆ ಹೊಸ ವಿಮಾನ ಸೇವೆಯೊಂದು ಬೇಕಿತ್ತು. ಟಿಕೆಟ್ ಸರಿಯಾಗಿ ಹೋಗದಿದ್ದರೆ ನಷ್ಟ ತುಂಬಿಕೊಡಲು ಅವರು ಹಣವನ್ನೂ ಕೂಡಿಸಿಟ್ಟಿದ್ದರು. ಯಾರನ್ನು ಕೇಳುವುದು ಎಂದು ನಾನು ಹೇಳಬೇಕಿತ್ತು. ವಿಮಾನ ಸಂಸ್ಥೆಗಳು ಸರ್ಕಾರಕ್ಕೆ ಒಪ್ಪಿಸುವ ‘ಫಾರ್ಮ್ 41’ರ ಲೆಕ್ಕ ತೆಗೆದು, ಮೇಜರ್‌ಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿ, ಒಂದು ಸೀಟನ್ನು ಒಂದು ಮೈಲಿ ಒಯ್ಯಲು ಯಾರಿಗೆ ಎಷ್ಟು ಖರ್ಚು ಎಂದು ನೋಡಿದೆ. ಫೆಡೆಕ್ಸ್‌ನ ಸಾಲಿನಲ್ಲಿ ಉತ್ತರವೇ ಬರಲಿಲ್ಲ. ಅದು ಸರಕು ಸಾಗಿಸುವ ಸಂಸ್ಥೆ, ಸೀಟಿನ ಕಾಲಂ ಸೊನ್ನೆ. ಸಾಲು ಅಳಿಸಿ ಮುಂದೆ ಹೋದೆ. ಸೀಟೇ ಇಲ್ಲದವರನ್ನೂ ಸೇರಿಸಿಕೊಳ್ಳುವ ಪಟ್ಟಿ ವ್ಯಾಪಾರದ ಸ್ವರೂಪ ಹೇಳುವುದಿಲ್ಲ ಎಂದು ಅಲ್ಲೇ ಹೊಳೆಯಬೇಕಿತ್ತು. ಯಾರು ಎಷ್ಟು ವಿವರವಾಗಿ ಲೆಕ್ಕ ಕೊಡಬೇಕು ಎಂದು ಗೊತ್ತುಮಾಡಲು ಇರುವ ಗೆರೆ ಅದು.

ಯೂಟಾದ ಸ್ಕೈವೆಸ್ಟ್ ನೋಡಿ. ವರಮಾನದಲ್ಲಿ ಮೇಜರ್. ಆದರೆ 76 ಅಥವಾ ಅದಕ್ಕೂ ಕಡಿಮೆ ಸೀಟಿನ ಅದರ ವಿಮಾನಗಳು ಹಾರುವುದು ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ಹೆಸರಿನಲ್ಲಿ. ಬಹುಪಾಲು ಒಪ್ಪಂದಗಳಲ್ಲಿ ಟಿಕೆಟ್ ಮಾರುವುದು, ವೇಳಾಪಟ್ಟಿ ಮಾಡುವುದು, ಇಂಧನದ ಖರ್ಚು ಹೊರುವುದು ಎಲ್ಲ ದೊಡ್ಡ ಸಂಸ್ಥೆಯೇ. ಹಾರಿಸಿಕೊಟ್ಟವರಿಗೆ ಹಾರಿಸಿದ ಗಂಟೆಗೆ, ಟ್ರಿಪ್ಪಿಗೆ ಇಷ್ಟು ಎಂದು ದುಡ್ಡು.

ನಾನು ಶಿಫಾರಸು ಮಾಡಿದ್ದೂ ಇಂಥದೇ ಒಂದು ಸಂಸ್ಥೆಯನ್ನು. ಇಂಧನದ ಕಾಲಂನಲ್ಲಿ ಅಂಕಿ ತೀರಾ ಚಿಕ್ಕದಿತ್ತು. ‘ಮಿತವ್ಯಯದ ಸಂಸ್ಥೆ’ ಎಂದು ವರದಿಯಲ್ಲಿ ಬರೆದೆ. ಬೇರೊಬ್ಬರು ಕಟ್ಟುವ ಬಿಲ್ಲನ್ನು ಆ ಸಂಸ್ಥೆಯ ಉಳಿತಾಯ ಎಂದುಕೊಂಡಿದ್ದೆ.

ನಿಲ್ದಾಣದ ಮ್ಯಾನೇಜರ್ ತಿಂಗಳುಗಟ್ಟಲೆ ಅವರ ಹಿಂದೆ ಓಡಾಡಿದರು. ಕೊನೆಗೊಂದು ದಿನ ನನಗೆ ಫೋನ್ ಮಾಡಿ, “ಎಲ್ಲಿಗೆ ಹಾರಬೇಕು ಅಂತ ತೀರ್ಮಾನ ಮಾಡೋರು ನಾವಲ್ಲ ಅಂತಿದ್ದಾರೆ. ಇದು ನಿಮಗೆ ಗೊತ್ತಿರಲಿಲ್ಲವೇ?” ಎಂದರು. ದನಿ ಏರಿಸಲಿಲ್ಲ. ಗೊತ್ತಿರಲಿಲ್ಲ ಎಂದೆ.

ದುಡ್ಡು ತೆಗೆದುಕೊಳ್ಳದೆ ವರದಿಯನ್ನು ಮತ್ತೆ ಬರೆದುಕೊಟ್ಟೆ, ಈ ಸಲ ಟಿಕೆಟ್ ಮಾರುವವರ ಹೆಸರು ಹಿಡಿದು. ಅಷ್ಟರಲ್ಲಿ ದೊಡ್ಡ ಸಂಸ್ಥೆಗಳು ಬೇಸಿಗೆಯ ವೇಳಾಪಟ್ಟಿ ಮಾಡಿ ಮುಗಿಸಿದ್ದವು. ಊರಿನವರು ಇನ್ನೊಂದು ವರ್ಷ ಕಾಯಬೇಕಾಯಿತು.